ಆರು ಪಾಯಿಂಟ್ ಎರಡು

ಬಾದನಹಟ್ಟಿ
18 ಜೂನ್ 2024

ಮಗಳೇ ಗಂಗೋತ್ರಿ,

ಕಾಗದ ಕಂಡು ಗಾಬರಿಯಾಗಬೇಡ. ಬಳ್ಳಾರಿ ಇಲ್ಲಿಂದ ಒಂದು ತಾಸಿನ ದಾರಿ, ಕೈಯಲ್ಲಿ ಫೋನೂ ಇದೆ, ಆದರೂ ಅಪ್ಪ ಯಾಕೆ ಬರೆದ ಎಂದು ನಿನಗೆ ಅನಿಸಬಹುದು. ಮೂವತ್ತೊಂದು ವರ್ಷ ಬಸ್ಸಿನ ಇಂಜಿನ್ ಸದ್ದು ಕೇಳಿ ನನ್ನ ಕಿವಿ ಮಂದವಾಗಿದೆ. ನಾನು ಫೋನಿನಲ್ಲಿ ಮಾತಾಡಿದರೆ ಓಣಿಗೆಲ್ಲ ಕೇಳುತ್ತದೆ. ಈ ವಿಷಯ ಸದ್ಯಕ್ಕೆ ನಿಮ್ಮವ್ವನ ಕಿವಿಗೆ ಬೀಳುವುದು ಬೇಡ.

ಕುರುಗೋಡಿನಲ್ಲಿ ನಿಮ್ಮ ಆಸ್ಪತ್ರೆಯವರು ಮಾಡಿದ ಉಚಿತ ಶಿಬಿರಕ್ಕೆ ನಿನ್ನ ಮಾತಿನ ಮೇಲೆ ಹೋಗಿದ್ದೆನಲ್ಲ. ಬಿಪಿ ನೋಡಿದರು, ಸಕ್ಕರೆ ನೋಡಿದರು. ಐವತ್ತು ದಾಟಿದ ಗಂಡಸರಿಗೆ ಇನ್ನೊಂದು ಪರೀಕ್ಷೆ ಪುಕ್ಕಟೆ ಎಂದು ಮತ್ತಷ್ಟು ರಕ್ತ ತೆಗೆದುಕೊಂಡರು. ಅದರ ಹೆಸರು ಪಿಎಸ್‌ಎ ಅಂತೆ. ನಾಲ್ಕರ ಒಳಗಿರಬೇಕಾದದ್ದು ನನಗೆ ಆರು ಪಾಯಿಂಟ್ ಎರಡು ಬಂದಿದೆ. ಮೂತ್ರಚೀಲದ ಕೆಳಗೆ ಗಂಡಸರಿಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದೆ ಎಂಬುದನ್ನು ಅರವತ್ತೇಳನೆಯ ವಯಸ್ಸಿನಲ್ಲಿ ತಿಳಿದುಕೊಂಡೆ.

ಎರಡು ದಿನದಲ್ಲಿ ಮೂರು ಸಲ ನಿಮ್ಮ ಆಸ್ಪತ್ರೆಯಿಂದ ಒಬ್ಬಳು ಹುಡುಗಿ ಫೋನ್ ಮಾಡಿದಳು. ಅರ್ಧ ಕನ್ನಡ, ಅರ್ಧ ತೆಲುಗು. "ಸರ್, ಲೇಟ್ ಚೇಯೊದ್ದು, ಕ್ಯಾನ್ಸರ್ ಇರಬಹುದು, ಬೇಗ ಬರ್ರಿ" ಎಂದಳು. ಮೂರನೆಯ ಸಲ ನಿಮ್ಮವ್ವ ಪಕ್ಕದಲ್ಲೇ ಜೋಳ ಹಸನು ಮಾಡುತ್ತಿದ್ದಳು. "ಯಾರ್ರೀ ಅದು?" ಎಂದಳು. ಬ್ಯಾಂಕಿನವರು ಎಂದೆ.

ನನಗೆ ಏನೂ ನೋವಿಲ್ಲ. ರಾತ್ರಿ ಮೂತ್ರಕ್ಕೆ ಎರಡು ಸಲ ಜಾಸ್ತಿ ಏಳುತ್ತೇನೆ, ಅಷ್ಟೇ. ಆದರೆ ಆ ಮಾತು ಕೇಳಿದಾಗಿನಿಂದ ಪೇಪರ್ ಹಿಡಿದರೂ ಒಂದು ಸಾಲೂ ತಲೆಗೆ ಹತ್ತುತ್ತಿಲ್ಲ. ನೀನು ಅಲ್ಲೇ ಇರುವವಳು. ಏನು ಮಾಡಬೇಕು ಬರೆ. ಕಾಗದ ಮನೆಗೆ ಹಾಕಬೇಡ. ಕುರುಗೋಡು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಹೆಸರಿಗೆ ಹಾಕು. ದಿನಾ ಬೆಳಿಗ್ಗೆ ಪೇಪರ್ ಓದಲು ಅಲ್ಲಿಗೇ ಹೋಗುತ್ತೇನೆ.

ನಿನ್ನ ಅಪ್ಪ,
ಮರಿಬಸಪ್ಪ


ಪಾರ್ವತಿನಗರ, ಬಳ್ಳಾರಿ
21 ಜೂನ್ 2024

ಅಪ್ಪಾ,

ನಿನ್ನ ಕಾಗದವನ್ನು ಕೆಲಸದ ಮೇಜಿನ ಮೇಲೇ ಓದಿದೆ. ಪಕ್ಕದವಳು ಏನಾಯಿತೆಂದು ಕೇಳಿದಳು. ಏನಿಲ್ಲ ಎಂದೆ.

ಆರು ಪಾಯಿಂಟ್ ಎರಡು ಬಂತೆಂದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ವಯಸ್ಸಿಗೆ ಗ್ರಂಥಿ ಊದಿಕೊಂಡರೂ ಏರುತ್ತದೆ. ಆದರೂ ಬಿಡುವುದು ಬೇಡ. ಬಯಾಪ್ಸಿ ಮಾಡಿಸಿದರೆ ಖಚಿತವಾಗುತ್ತದೆ. ಸೂಜಿಯಿಂದ ಗ್ರಂಥಿಯ ಹನ್ನೆರಡು ಕಡೆ ಚೂರು ತೆಗೆದು ನೋಡುತ್ತಾರೆ. ಇಪ್ಪತ್ತೆಂಟು ಸಾವಿರ, ನೌಕರರ ಮನೆಯವರು ಎಂದು ಇಪ್ಪತ್ತೆರಡಕ್ಕೆ ಮಾಡಿಕೊಡುತ್ತಾರೆ. ಮುಂದಿನ ತಿಂಗಳು ಮೂರನೇ ತಾರೀಖಿಗೆ ನಿನ್ನ ಹೆಸರು ಬರೆಸಿದ್ದೇನೆ. ನನ್ನನ್ನು ನೋಡಲು ಹೊರಟಿದ್ದೇನೆ ಎಂದು ಅವ್ವನಿಗೆ ಹೇಳು.

ಫೋನ್ ಮಾಡುವ ಹುಡುಗಿಯ ಮೇಲೆ ಸಿಟ್ಟಾಗಬೇಡ. ಅದು ಅವಳ ಕೆಲಸ. ಶಿಬಿರ ನಡೆಸುವುದು ನನ್ನ ಕೆಲಸ.

ನಿನ್ನ
ಗಂಗೋತ್ರಿ


ಬಾದನಹಟ್ಟಿ
9 ಜುಲೈ 2024

ಮಗಳೇ,

ಬಯಾಪ್ಸಿ ಆದ ದಿನ ನನ್ನನ್ನು ಬಸ್ಸಿಗೆ ಹತ್ತಿಸಿ ನೀನು ಹೋದ ಮೇಲೆ ತೆಕ್ಕಲಕೋಟೆಯ ಒಬ್ಬರು ಪಕ್ಕದಲ್ಲಿ ಕುಳಿತರು. ದಾರಿಯುದ್ದಕ್ಕೂ ಹತ್ತಿ ರೇಟಿನ ಮಾತಾಡಿದರು. ನಾನು ಹ್ಞೂಂ ಹ್ಞೂಂ ಎಂದೆ. ಸೀಟಿನ ಮೇಲೆ ಸರಿಯಾಗಿ ಕುಳಿತುಕೊಳ್ಳಲು ಆಗುತ್ತಿರಲಿಲ್ಲ.

ನಾಲ್ಕು ದಿನ ಮೂತ್ರದಲ್ಲಿ ರಕ್ತ ಬಂತು. ಬರುತ್ತದೆ ಎಂದು ಅವರು ಹೇಳಿದ್ದರು. ಆದರೆ ಹೇಳುವುದು ಬೇರೆ, ಬಚ್ಚಲಲ್ಲಿ ಒಬ್ಬನೇ ನಿಂತು ನೋಡುವುದು ಬೇರೆ. ಜ್ವರವೂ ಬಂತು. ಪಂಚೆ ನಾನೇ ಒಗೆದುಕೊಂಡೆ. ನಿಮ್ಮವ್ವ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. "ಮದುವಿಯಾಗಿ ನಲವತ್ತು ವರ್ಷಾತು, ಇವತ್ತೇನು ಅರಬಿ ಒಗಿಯೋ ಹುಕಿ ಬಂತು ನಿಮಗ?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ವರದಿ ಯಾವಾಗ ಬರುತ್ತದೆ?

ಅಪ್ಪ


ಪಾರ್ವತಿನಗರ
16 ಜುಲೈ 2024

ಅಪ್ಪಾ,

ವರದಿ ಬಂದಿದೆ. ಸುತ್ತಿ ಬಳಸಿ ಬರೆಯುವುದಿಲ್ಲ. ಕ್ಯಾನ್ಸರ್ ಇದೆ. ಹನ್ನೆರಡು ಚೂರುಗಳಲ್ಲಿ ಒಂದರಲ್ಲಿ, ಅದರಲ್ಲೂ ಸ್ವಲ್ಪ ಭಾಗದಲ್ಲಿ. ತೀವ್ರತೆಗೆ ಇವರು ಅಂಕ ಕೊಡುತ್ತಾರೆ. ನಿನಗೆ ಆರು ಬಂದಿದೆ. ಹತ್ತು ಬಂದರೆ ಬಹಳ ಕೆಟ್ಟದ್ದು.

ಬೇಗ ಸಿಕ್ಕಿದ್ದು ಅದೃಷ್ಟ ಎಂದು ನಮ್ಮ ಡಾಕ್ಟರು ಹೇಳಿದರು. ಗ್ರಂಥಿಯನ್ನೇ ತೆಗೆದುಬಿಟ್ಟರೆ ಚಿಂತೆ ಮುಗಿಯಿತಂತೆ. ಹೈದರಾಬಾದಿನ ನಮ್ಮ ದೊಡ್ಡ ಆಸ್ಪತ್ರೆಯಲ್ಲಿ ರೋಬೋಟಿನಿಂದ ಮಾಡುತ್ತಾರೆ. ಎಲ್ಲ ಸೇರಿ ನಾಲ್ಕು ಲಕ್ಷ ಅರವತ್ತು ಸಾವಿರ. ಆಗಸ್ಟ್ 12ಕ್ಕೆ ಜಾಗ ಹಿಡಿದಿದ್ದಾರೆ. ಈ ತಿಂಗಳ ಕೊನೆಗೆ ಐವತ್ತು ಸಾವಿರ ಕಟ್ಟಬೇಕು.

ಯೋಚನೆ ಮಾಡಲು ಹೋಗಬೇಡ, ಅಪ್ಪಾ. ಮಾಡಿಸಿಬಿಡೋಣ. ಅದು ನಿನ್ನೊಳಗೆ ಇದೆ ಎಂದುಕೊಂಡು ನನಗೆ ಒಂದು ದಿನವೂ ಕೆಲಸ ಮಾಡಲು ಆಗುವುದಿಲ್ಲ.

ಗಂಗೋತ್ರಿ


ಬಾದನಹಟ್ಟಿ
24 ಜುಲೈ 2024

ಗಂಗೋತ್ರಿಗೆ,

ಒಪ್ಪಿದೆ. ನಿವೃತ್ತಿಯಾದಾಗ ಬಂದ ಹಣ ಐದು ಲಕ್ಷ ಬ್ಯಾಂಕಿನಲ್ಲಿದೆ. ಅದನ್ನು ಬಿಡಿಸಲು ಅರ್ಜಿ ಬರೆದಿಟ್ಟಿದ್ದೇನೆ. ಅದಕ್ಕೆ ನಿಮ್ಮವ್ವನ ಸಹಿಯೂ ಬೇಕಂತೆ. ಹೇಗೆ ಕೇಳುವುದು ತಿಳಿಯುತ್ತಿಲ್ಲ.

ಹೈದರಾಬಾದಿಗೆ ಜೊತೆಗೆ ಒಬ್ಬರು ಬೇಕಲ್ಲ ಎಂದು ಮೊನ್ನೆ ದೇಶನೂರಿಗೆ ಹೋಗಿದ್ದೆ, ಅಯ್ಯಣ್ಣನನ್ನು ಕೇಳಲು. ಚಿಕ್ಕವಳಿದ್ದಾಗ ನಿನ್ನನ್ನು ಇಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಸಿರುಗುಪ್ಪದವರೆಗೆ ಬಸ್ಸು ಓಡಿಸುತ್ತಿದ್ದನಲ್ಲ, ಆ ಡ್ರೈವರ್ ಅಯ್ಯಣ್ಣ. ಹತ್ತೊಂಬತ್ತು ವರ್ಷ ಅವನು ಮುಂದೆ, ನಾನು ಹಿಂದೆ.

ಅವನು ಹೊರಸಿನ ಮೇಲೆ ಮಲಗಿದ್ದ. ನನ್ನನ್ನು ನೋಡಿ ಏಳಲು ಹೋದ, ಆಗಲಿಲ್ಲ. ನಾಲ್ಕು ತಿಂಗಳಿನಿಂದ ಸೊಂಟ ನೋವಂತೆ. ಅವನ ಹೆಂಡತಿ ವಿರೂಪಮ್ಮ ಒಂದು ಡಬ್ಬಿ ತುಂಬ ನೋವಿನ ಗುಳಿಗೆ ತಂದು ತೋರಿಸಿದಳು. "ಡ್ರೈವರ್ ಕೆಲಸ ಮಾಡಿದವರಿಗೆಲ್ಲಾ ಸೊಂಟ ಹಿಂಗ ಆಗತೈತಿ ಅಂದ್ರಣ್ಣ. ಮೂತ್ರಕ್ಕೂ ತ್ರಾಸ ಆಗಾಕ ಹತ್ತೈತಿ" ಎಂದಳು. ಆಳು ಅರ್ಧವಾಗಿದ್ದಾನೆ. ನಾನು ಯಾಕೆ ಬಂದೆ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ.

ನಾಳಿದ್ದು ಅವನನ್ನು ಕಾರು ಮಾಡಿಕೊಂಡು ನಿಮ್ಮ ಆಸ್ಪತ್ರೆಗೆ ಕರೆತರುತ್ತೇನೆ. ನನಗೆ ನೋಡಿದ ರಕ್ತಪರೀಕ್ಷೆಯನ್ನು ಅವನಿಗೂ ಮಾಡಿಸು. ಅವನ ಬಳಿ ಆಯುಷ್ಮಾನ್ ಕಾರ್ಡ್ ಇದೆ, ಖರ್ಚು ಸರ್ಕಾರ ಕೊಡುತ್ತದೆ.

ಅಪ್ಪ


ಪಾರ್ವತಿನಗರ
2 ಆಗಸ್ಟ್ 2024

ಅಪ್ಪಾ,

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ.

ಅಯ್ಯಣ್ಣ ಕಾಕಾನ ವರದಿ ಬಂದಿದೆ. ನಿನ್ನದು ಆರು ಪಾಯಿಂಟ್ ಎರಡು. ಅವರದು ಮುನ್ನೂರ ಹನ್ನೆರಡು. ಬೆನ್ನಿನ ಎಲುಬಿಗೆ ಹರಡಿದೆ ಎಂದು ಸ್ಕ್ಯಾನ್ ಹೇಳುತ್ತದೆ. ಅವರ ಮನೆಗೆ ಇಲ್ಲಿಂದ ಒಂದು ಫೋನೂ ಹೋಗಲಿಲ್ಲ. ನಾನೇ ಆ ಹುಡುಗಿಯ ಹತ್ತಿರ ಹೋಗಿ ಕೇಳಿದೆ. "ಅದು ಕಾರ್ಡ್ ಕೇಸ್ ಅಲ್ಲೇನ್ರಿ, ಅಕ್ಕ? ಕಾರ್ಡಿನವ್ರಿಗೆ ಬೆಡ್ ಇಲ್ಲ ಅಂತ ಹೇಳ್ರಿ ಅಂದಾರ" ಎಂದಳು. ಎರಡನೇ ಮಹಡಿಯಲ್ಲಿ ಆರು ಹಾಸಿಗೆ ಖಾಲಿ ಇದ್ದವು. ನಾನೇ ಹೋಗಿ ಎಣಿಸಿ ಬಂದೆ.

ಅವಳ ಮೇಜಿನ ಮೇಲೆ ನಿನ್ನ ಫೈಲೂ ಇತ್ತು. ಮೇಲೆ ಹಸಿರು ಚೀಟಿ. ಅದರಲ್ಲಿ ನಿನ್ನ ಹೆಸರು, ಆಪರೇಷನ್ ತಾರೀಖು, ಮೊತ್ತ, "ತಂದವರು" ಎಂಬ ಕಡೆ ನನ್ನ ಹೆಸರು.

ನನಗೆ ಗೊತ್ತಿರದ ವಿಷಯವಲ್ಲ ಇದು. ಶಿಬಿರದಿಂದ ಬಂದವರು ಬಯಾಪ್ಸಿ ಮಾಡಿಸಿದರೆ ನಮಗೆ ಸಾವಿರದ ಐನೂರು. ಆಪರೇಷನ್ ಆದರೆ ಹನ್ನೆರಡು ಸಾವಿರ. ಡಾಕ್ಟರಿಗೆ ಬೇರೆ ಲೆಕ್ಕ. ರಕ್ತಪರೀಕ್ಷೆ ಪುಕ್ಕಟೆ ಮಾಡುವುದು ಅದಕ್ಕೇ. ನಿನ್ನ ಬಯಾಪ್ಸಿಯ ಹಣ ಜುಲೈ ಸಂಬಳದ ಜೊತೆ ನನ್ನ ಖಾತೆಗೆ ಬಂದಿದೆ. ಬಂದಾಗ ನೋಡಿದೆ. ಸುಮ್ಮನಿದ್ದೆ. ನಿನಗೆ ಆಪರೇಷನ್ ಮಾಡಿಸು ಎಂದು ಬರೆದದ್ದು ಹೆದರಿಕೆಯಿಂದ, ಹಣಕ್ಕಲ್ಲ. ಆದರೆ ಆ ಚೀಟಿ ನೋಡಿದ ಮೇಲೆ ನನ್ನ ಹೆದರಿಕೆಯ ಮೇಲೂ ನನಗೆ ನಂಬಿಕೆ ಹೋಯಿತು.

ನಿನ್ನೆ ರಜೆ ಹಾಕಿ ನಿಮ್ಮಿಬ್ಬರ ಕಾಗದಪತ್ರ ತೆಗೆದುಕೊಂಡು ಸರ್ಕಾರಿ ಆಸ್ಪತ್ರೆಯ ಡಾ. ಹಂಪೇಶ್ ಬಳಿ ಹೋಗಿದ್ದೆ. ಅಯ್ಯಣ್ಣ ಕಾಕಾನದು ನೋಡಿ, "ಇವರನ್ನ ನಾಳೆನೇ ಕರಕೊಂಡು ಬರ್ರಿ" ಎಂದರು. ನಿನ್ನದನ್ನು ಎರಡು ಸಲ ಓದಿದರು. "ಇವರಿಗೆ ಏನು ಅವಸರ ಐತ್ರಿ?" ಎಂದು ಕೇಳಿದರು.

ಆಗಸ್ಟ್ 12ರ ಜಾಗ ರದ್ದು ಮಾಡಿಸಿದ್ದೇನೆ, ಐವತ್ತು ಸಾವಿರ ಇನ್ನೂ ಕಟ್ಟಿರಲಿಲ್ಲವಲ್ಲ. ಬ್ಯಾಂಕಿನ ಹಣ ಮುಟ್ಟಬೇಡ. ಕಾಕಾನನ್ನು ತಡ ಮಾಡದೆ ಅಲ್ಲಿಗೆ ಕರೆದುಕೊಂಡು ಹೋಗು. ನೀನೂ ಅವರಿಗೆ ತೋರಿಸಿಕೋ. ನಾನು ಹೇಳಿದ್ದಕ್ಕೆ ಒಪ್ಪಬೇಡ, ಅವರ ಬಾಯಿಂದಲೇ ಕೇಳು.

ಬೈದಾದರೂ ಒಂದು ಕಾಗದ ಬರೆ.

ಗಂಗೋತ್ರಿ


ಪಾರ್ವತಿನಗರ
27 ಆಗಸ್ಟ್ 2024

ಅಪ್ಪಾ,

ಕಾಗದ ಮುಟ್ಟಿದೆ ಎಂದು ಕಂಟ್ರೋಲರ್ ಹೇಳಿದರು. ನಿನ್ನ ಫೋನ್ ರಿಂಗಾಗುತ್ತದೆ, ನೀನು ಎತ್ತುವುದಿಲ್ಲ.

ಗಂಗೋತ್ರಿ


ಬಾದನಹಟ್ಟಿ
15 ಸೆಪ್ಟೆಂಬರ್ 2024

ಗಂಗಾ,

ನಾನು ನಿಮ್ಮವ್ವ. ನನಗ ಬರಿಯಾಕ ಬರೋದು ಅಷ್ಟಕ್ಕಷ್ಟ, ಮಾತಾಡಿದಂಗ ಬರಿತೀನಿ.

ನಿಮ್ಮಪ್ಪ ಬ್ಯಾಂಕಿನ ಅರ್ಜಿ ಮುಂದಿಟ್ಟು, ಹೊಲ ನೋಡೀನಿ ಸಹಿ ಹಾಕು ಅಂದ್ರು. ಎಲ್ಲಿ ಹೊಲ, ಯಾರ ಹೊಲ ಅಂದೆ. ಅರ್ಜಿ ಮಡಚಿ ಒಳಗಿಟ್ರು. ಪಂಚೆ ತಾವ ಒಗಕೊಂಡ ದಿನಾನ ನನಗ ಏನೋ ಐತಿ ಅನಸಿತ್ತು. ನಾಲ್ಕು ದಿನ ಬಿಟ್ಟು ನಿನ್ನ ಕಾಗದ ಅಂಗಿ ಕಿಸೆದಾಗ ಸಿಕ್ತು. ಓದಿದೆ. ಒಲಿ ಮುಂದ ಕುಂತು ಎರಡು ಸಲ ಓದಿದೆ.

ನಿನ್ನ ಮ್ಯಾಲೆ ಬಾಳ ಸಿಟ್ಟು ಬಂತು, ಹೇಳ್ಲಿ ಬ್ಯಾಡ? ರೊಕ್ಕ ಬಂದಿದ್ದಕ್ಕಲ್ಲ. ಇಬ್ಬರೂ ಕೂಡಿ ನನಗ ಹೇಳದಂಗ ಇಟ್ರಿ. ಗಂಡ ಸಾಯ್ತಾನೋ ಬದುಕ್ತಾನೋ ಅನ್ನೋದು ಕಂಟ್ರೋಲರಿಗೆ ಗೊತ್ತಿರಬೇಕು, ನನಗ ಬ್ಯಾಡ.

ಅವರು ನಿನ್ನ ಸುದ್ದಿ ಎತ್ತಿದ್ರ ಎದ್ದು ಹೊರಗ ಹೋಗ್ತಾರ. ಹದಿನೈದು ದಿನ ಅಯ್ಯಣ್ಣನ ಜೋಡಿ ಸರ್ಕಾರಿ ದವಾಖಾನಿಯಾಗ ಇದ್ರು, ವೆರಾಂಡಾದಾಗ ಮಲಗಿ. ನಾನೂ ವಿರೂಪಮ್ಮನೂ ಬುತ್ತಿ ಒಯ್ತಿದ್ವಿ. ನೀನು ಅಲ್ಲಿಗೆ ದಿನಾ ಬಂದು ದೂರ ನಿಂತು ಹೋಗಿದ್ದು ಕಂಡೀನಿ. ಕರೀಲಿಲ್ಲ. ಕರಿಬೇಕಾಗಿತ್ತು.

ನಿಮ್ಮಪ್ಪ ಬರೀತಾರ. ತಡಿ.

ಸುವರ್ಣಮ್ಮ


ಬಾದನಹಟ್ಟಿ
6 ಅಕ್ಟೋಬರ್ 2024

ಗಂಗೋತ್ರಿ,

ಎರಡು ತಿಂಗಳು ಬರೆಯಲಿಲ್ಲ. ಸಿಟ್ಟಿತ್ತು. ನಾನು ಕಂಡಕ್ಟರ್ ಆಗಿದ್ದಾಗ ಟಿಕೆಟ್ ಕೊಡದೆ ಹಣ ತೆಗೆದುಕೊಂಡವರನ್ನು ಬಹಳ ಜನ ನೋಡಿದ್ದೇನೆ. ಅವರೊಂದಿಗೆ ಕುಳಿತು ಚಹಾ ಕುಡಿಯುತ್ತಿರಲಿಲ್ಲ. ಮಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಅಯ್ಯಣ್ಣನ ಸುದ್ದಿ ಮೊದಲು ಹೇಳುತ್ತೇನೆ. ಅವನ ರೋಗ ವಾಸಿಯಾಗುವ ಹಂತ ದಾಟಿದೆ. ಹಿಡಿದಿಡಬಹುದು ಅಷ್ಟೇ. ಗಂಡಸಿನ ಹಾರ್ಮೋನಿನಿಂದ ಈ ರೋಗ ಬೆಳೆಯುವುದರಿಂದ ಆ ಹಾರ್ಮೋನನ್ನೇ ನಿಲ್ಲಿಸಬೇಕಂತೆ. ಅದಕ್ಕೆ ಮೂರು ತಿಂಗಳಿಗೊಂದು ಸೂಜಿ, ಇಲ್ಲದಿದ್ದರೆ ಒಂದೇ ಸಲ ಬೀಜ ತೆಗೆಯುವ ಸಣ್ಣ ಆಪರೇಷನ್. ಡಾ. ಹಂಪೇಶ್ ಮುಚ್ಚುಮರೆ ಮಾಡಲಿಲ್ಲ. "ಸೂಜಿ ಇಲ್ಲಿ ಒಮ್ಮೊಮ್ಮೆ ಇರತೈತಿ, ಒಮ್ಮೊಮ್ಮೆ ಇರಂಗಿಲ್ಲ. ಹೊರಗ ತಗೊಂಡ್ರ ಸಾವಿರಾರು ರೂಪಾಯಿ. ಆಪರೇಷನ್ ಕಾರ್ಡಿನ ಮ್ಯಾಲೆ ಆಗತೈತಿ. ಗುಣ ಎರಡಕ್ಕೂ ಒಂದ ತರ" ಎಂದರು.

ವಿರೂಪಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಹೊರಗೆ ಹೋದಳು. ಅಯ್ಯಣ್ಣ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಕೊನೆಗೆ ಅವನೇ, "ಮರಿ, ಸೂಜಿ ಇಲ್ಲಂದ ದಿನ ನಾನು ಯಾರ ಮನಿಗೆ ಹೋಗ್ಲೋ? ಮಾಡ್ರಿ ಸಾಹೇಬ್ರ ಅದನ್ನ" ಎಂದ. ಆಪರೇಷನ್ ಆಗಿ ಮೂರು ವಾರಕ್ಕೆ ಸೊಂಟದ ನೋವು ಇಳಿಯಿತು. ಈಗ ಕೋಲು ಹಿಡಿದು ಗುಡಿಯವರೆಗೆ ನಡೆಯುತ್ತಾನೆ. ಎಷ್ಟು ದಿನ ಎಂದು ಅವನೂ ಕೇಳಿಲ್ಲ, ಡಾಕ್ಟರೂ ಹೇಳಿಲ್ಲ.

ಇನ್ನು ನನ್ನದು. ಅವರು ರಕ್ತ ಮತ್ತೆ ನೋಡಿದರು. ಆರು ಪಾಯಿಂಟ್ ಒಂದು. ಎಂಆರ್‌ಐ ಮಾಡಿಸಿದರು. ದೊಡ್ಡದಾಗಿ ಏನೂ ಇಲ್ಲ. "ಇದು ಕ್ಯಾನ್ಸರ್ ಹೌದ್ರಿ, ಸುಳ್ಳು ಹೇಳಂಗಿಲ್ಲ. ಆದ್ರ ಅಂಕ ಆರು ಅಂದ್ರ ಎಲ್ಲಕ್ಕಿಂತ ಕಡಿಮಿ, ಇದು ನಿಧಾನದ್ದು. ನಿಮ್ಮ ಜನ್ಮ ಪೂರ್ತಿ ಇದ್ದಲ್ಲೇ ಇರಬಹುದು. ಆರು ತಿಂಗಳಿಗೊಮ್ಮೆ ರಕ್ತ ಕೊಡ್ರಿ, ವರ್ಷಕ್ಕೊಮ್ಮೆ ಸ್ಕ್ಯಾನ್ ನೋಡೂಣು. ಬೆಳಿಯಾಕ ಹತ್ತಿದ್ರ ಆಗ ತೆಗಿಯೂಣು" ಎಂದರು. ಈಗಲೇ ತೆಗೆದರೆ ಏನಾಗುತ್ತದೆ ಎಂದು ಕೇಳಿದೆ. ಮೂತ್ರ ತಡೆಯಲಾಗದೆ ಬಟ್ಟೆ ಕಟ್ಟಿಕೊಳ್ಳಬೇಕಾಗಬಹುದು, ಗಂಡಹೆಂಡಿರ ಸಂಬಂಧವೂ ಹೋಗಬಹುದು, ಎಲ್ಲರಿಗೂ ಅಲ್ಲ, ಆದರೆ ಬಹಳ ಜನಕ್ಕೆ ಎಂದರು. ನಿಮ್ಮ ಆಸ್ಪತ್ರೆಯ ಫೋನುಗಳಲ್ಲಿ ಈ ಮಾತು ಒಂದು ಸಲವೂ ಬಂದಿರಲಿಲ್ಲ.

ನಾನು ಕಾಯುತ್ತೇನೆ ಎಂದು ಹೇಳಿ ಬಂದೆ. ಹೇಳುವುದು ಸುಲಭ. ಒಳಗೆ ಅದು ಇದೆ ಎಂದು ಗೊತ್ತಿದ್ದು ಊಟ ಮಾಡುವುದು, ನಗುವುದು ಇನ್ನೂ ಕಲಿಯಬೇಕು. ಮೂತ್ರಕ್ಕೆ ಎದ್ದಾಗಲೆಲ್ಲ ಬೆಳೆಯಿತೇನೋ ಎನಿಸುತ್ತದೆ. ಒಂದೊಂದು ದಿನ, ತೆಗೆಸಿಬಿಟ್ಟಿದ್ದರೆ ಚೆನ್ನಾಗಿತ್ತು ಎಂದೂ ಅನಿಸುತ್ತದೆ. ಆಗ ನಿಮ್ಮವ್ವನನ್ನು ಕರೆದು ಹೇಳುತ್ತೇನೆ. ಅವಳು ಬಂದು ಪಕ್ಕದಲ್ಲಿ ಕೂರುತ್ತಾಳೆ.

ದೀಪಾವಳಿಗೆ ಬಾ. ಬರಬೇಡ ಎಂದು ನಾನು ಯಾವಾಗಲೂ ಹೇಳಿರಲಿಲ್ಲ.

ಅಪ್ಪ


ಪಾರ್ವತಿನಗರ
11 ಜನವರಿ 2025

ಅಪ್ಪಾ,

ಹಬ್ಬಕ್ಕೆ ಬಂದಾಗ ಹೇಳಬೇಕೆಂದಿದ್ದೆ. ಅವ್ವ ಹೋಳಿಗೆ ಬಡಿಸುತ್ತಿದ್ದಳು, ನೀನು ಮೂರು ತಿಂಗಳ ಮೇಲೆ ನನ್ನ ಮುಖ ನೋಡಿ ಮಾತಾಡಿದ್ದೆ.

ಡಿಸೆಂಬರಿಗೆ ಆ ಕೆಲಸ ಬಿಟ್ಟೆ. ಒಂದು ಔಷಧಿ ಅಂಗಡಿಯಲ್ಲಿ ಸೇರಿದ್ದೇನೆ. ಹನ್ನೊಂದು ಸಾವಿರ ಕೊಡುತ್ತಾರೆ. ಬಿಡುವ ಮೊದಲು ಕಾರ್ಡ್ ಇದ್ದವರನ್ನು ಬೆಡ್ ಇಲ್ಲ ಎಂದು ಕಳಿಸುವುದರ ಬಗ್ಗೆ ಜಿಲ್ಲಾ ಆರೋಗ್ಯ ಕಚೇರಿಗೆ ನನ್ನ ಹೆಸರು ಹಾಕಿಯೇ ದೂರು ಬರೆದು ಕೊಟ್ಟೆ. ಇನ್ನೂ ಉತ್ತರ ಬಂದಿಲ್ಲ.

ಹೇಳಬೇಕಾದ್ದು ಅದಲ್ಲ. ಹೋದ ವರ್ಷ ಫೆಬ್ರುವರಿಯಲ್ಲಿ ಶಿಬಿರ ಮಾಡುವ ಊರುಗಳ ಪಟ್ಟಿ ಮಾಡಿದವಳು ನಾನು. ಕುರುಗೋಡಿನ ಜೊತೆ ದೇಶನೂರೂ ಅದರಲ್ಲಿತ್ತು, ಮಾರ್ಚ್‌ಗೆ. ಅಲ್ಲಿ ಹೆಚ್ಚಿನವರು ಕಾರ್ಡಿನವರು, ಆಪರೇಷನ್‌ಗೆ ಯಾರೂ ಬರುವುದಿಲ್ಲ, ಡೀಸೆಲ್ ದಂಡ ಎಂದು ಮ್ಯಾನೇಜರ್ ಅಂದರು. ಹೌದು ಸರ್ ಎಂದು ನಾನೇ ಆ ಹೆಸರು ಹೊಡೆದು ಹಾಕಿದೆ. ಅಯ್ಯಣ್ಣ ಕಾಕಾನಿಗೆ ಸೊಂಟ ನೋವು ಶುರುವಾದದ್ದೂ ಮಾರ್ಚ್‌ನಲ್ಲೇ. ಆಗ ನೋಡಿದ್ದರೆ ಉಳಿಯುತ್ತಿದ್ದರೇ ಎಂದು ಡಾ. ಹಂಪೇಶ್ ಅವರನ್ನು ಕೇಳಿದೆ. "ಆಗಲೂ ಎಲುಬಿಗೆ ಹೋಗಿರಬಹುದು, ನನಗ ಗೊತ್ತಿಲ್ಲಮ್ಮ. ಆದ್ರ ನಾಲ್ಕು ತಿಂಗಳ ನೋವರ ತಪ್ಪುತಿತ್ತು" ಎಂದರು.

ಕಾಕಾನಿಗೆ ಇದನ್ನು ಹೇಳಲೇ, ಬೇಡವೇ?

ಗಂಗೋತ್ರಿ


ಬಾದನಹಟ್ಟಿ
20 ಜನವರಿ 2025

ಗಂಗೋತ್ರಿ,

ಆರು ತಿಂಗಳ ರಕ್ತಪರೀಕ್ಷೆಗೆ ಮೊನ್ನೆ ನಾನೂ ನಿಮ್ಮವ್ವನೂ ಹೋಗಿದ್ದೆವು. ಕಿಟಕಿಯಲ್ಲಿ ಚೀಟಿ ಕೊಟ್ಟಾಗ ನಾನು ಬಿಚ್ಚದೆ ನಿಮ್ಮವ್ವನ ಕೈಗೆ ಕೊಟ್ಟೆ. ಅವಳು ಓದಿದಳು. ಆರು ಪಾಯಿಂಟ್ ಎಂಟು.

ಏರಿದೆ. ಇಷ್ಟು ಏರಿಳಿತ ಆಗುತ್ತದೆ, ಈಗೇನೂ ಮಾಡುವುದು ಬೇಡ, ಜುಲೈನಲ್ಲಿ ಸ್ಕ್ಯಾನ್ ನೋಡಿ ಹೇಳುತ್ತೇನೆ ಎಂದರು ಡಾಕ್ಟರು. ನಿಮ್ಮವ್ವ ಬಿಡಲಿಲ್ಲ. "ಆಗ ತೆಗಿಬೇಕು ಅಂದ್ರ ರೊಕ್ಕ ಎಷ್ಟಾಗತೈತ್ರಿ? ಈಗ ಹೇಳಿಬಿಡ್ರಿ, ಆಮೇಲೆ ಹೆದರಿಸಬ್ಯಾಡ್ರಿ" ಎಂದಳು. ಅವರು ಒಂದು ಹಾಳೆಯ ಮೇಲೆ ಬರೆದುಕೊಟ್ಟರು. ಅವಳು ಅದನ್ನು ಮಡಚಿ ಸಂಚಿಯಲ್ಲಿಟ್ಟುಕೊಂಡಳು. ಜುಲೈವರೆಗೆ ನನ್ನ ನಿದ್ದೆ ಹೇಗೋ ನೋಡಬೇಕು.

ನೀನು ಕೇಳಿದ್ದಕ್ಕೆ ಉತ್ತರ: ಹೇಳು. ನಾನು ಹೇಳುವುದಿಲ್ಲ, ನಿನ್ನ ಜೊತೆ ಬರುವುದೂ ಇಲ್ಲ. ಎದುರಿಗೆ ಕುಳಿತು ನೀನೇ ಹೇಳಬೇಕು.

ಅಪ್ಪ


ಪಾರ್ವತಿನಗರ
3 ಫೆಬ್ರುವರಿ 2025

ಅಪ್ಪಾ, ಅವ್ವಾ,

ನಿನ್ನೆ ದೇಶನೂರಿಗೆ ಹೋಗಿ ಬಂದೆ.

ಕಾಕಾ ಅಂಗಳದಲ್ಲಿ ಬಿಸಿಲಿಗೆ ಕುಳಿತಿದ್ದರು. ಮುಖ ಸ್ವಲ್ಪ ತುಂಬಿಕೊಂಡಿದೆ. "ಬಾ ಬಾ ಗಂಗವ್ವ, ನಿಮ್ಮಪ್ಪ ಎಲ್ಲಿ?" ಎಂದರು. ಒಬ್ಬಳೇ ಬಂದೆ ಎಂದೆ. ನೀರು ಕುಡಿಯುವ ಮೊದಲೇ ಎಲ್ಲ ಹೇಳಿದೆ, ಪಟ್ಟಿ, ಮಾರ್ಚ್ ತಿಂಗಳು, ನಾನು ಹೊಡೆದು ಹಾಕಿದ ಹೆಸರು. ಅರ್ಧದಲ್ಲಿ ನಿಲ್ಲಿಸಿದರೆ ಮತ್ತೆ ಆಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

ಕಾಕಾ ಕೋಲಿನ ತುದಿಯಿಂದ ನೆಲ ಕೆದಕುತ್ತ ಕುಳಿತರು. ಆಮೇಲೆ ಎದ್ದು ಒಳಗೆ ಹೋದರು. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ನಾನು ಕಣ್ಣೊರೆಸಿಕೊಂಡು ಏಳುವಾಗ, ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದ ವಿರೂಪಮ್ಮ ಕಾಕಿ ಅಂಗಳದ ಬಾಗಿಲಿಗೆ ಅಡ್ಡ ನಿಂತಳು. ಕಣ್ಣು ಕೆಂಪಾಗಿದ್ದವು. "ಅತ್ತು ಹೋಗಾಕ ಬಂದೀ ಏನು? ನಿನ್ನ ಅಳು ತಗೊಂಡು ನಾನೇನು ಮಾಡ್ಲಿ? ಈ ಓಣಿಯಾಗ ಸೊಂಟ ನೋವು, ಮೂತ್ರ ಕಟ್ಟೈತಿ ಅಂತ ಗುಳಿಗಿ ನುಂಗೋ ಗಂಡಸರು ಇನ್ನಾ ನಾಲ್ಕು ಮಂದಿ ಅದಾರ. ಹೇಳಾಕ ನಾಚ್ತಾರ. ಆ ಸರ್ಕಾರಿ ಡಾಕ್ಟರ ಹಂತೇಕ ಕರಕೊಂಡು ಹೋಗ್ತೀ ಏನು ಹೇಳು" ಎಂದಳು.

ಹೋಗುತ್ತೇನೆ ಎಂದೆ. ಅವಳು ಚಪ್ಪಲಿ ಮೆಟ್ಟಿ ನನ್ನ ಮುಂದೆ ನಡೆದಳು. ಮನೆ ಮನೆಯಲ್ಲಿ ಅವಳೇ ಮಾತಾಡಿದಳು, ನಾನು ಹಿಂದೆ ನಿಂತಿದ್ದೆ. ನಾನು ಯಾರ ಮಗಳೆಂದು ಹೇಳಿದಳು. ಏನು ಮಾಡಿದೆನೆಂದು ಹೇಳಲಿಲ್ಲ.

ಮೂರು ಮನೆಯವರು ಗುರುವಾರ ಬರುತ್ತೇವೆ ಎಂದಿದ್ದಾರೆ. ಡಾ. ಹಂಪೇಶ್ ಅವರಿಗೆ ಫೋನ್ ಮಾಡಿ ಹೇಳಿದ್ದೇನೆ. ನಾಲ್ಕನೆಯವರು ಬಾಗಿಲು ತೆಗೆಯಲಿಲ್ಲ. ಒಳಗಿಂದ ಕೆಮ್ಮಿದ್ದು ಕೇಳಿಸಿತು. ನಾಳೆ ಅಂಗಡಿ ಮುಗಿಸಿಕೊಂಡು ಮತ್ತೆ ಹೋಗುತ್ತೇನೆ.

ನಿಮ್ಮ
ಗಂಗೋತ್ರಿ